ಪದ ಪರಿಚಯ: ಚುಕ್ಕಾಣಿ

ಕಾಗಿನೆಲೆ, ಬ್ಯಾಡಗಿ ಕಡೆ ಚುನಾವಣೆ ಮುಗಿದರೆ ಸಾಕು, ಯಾರೋ ಒಬ್ಬರು ‘ಚುಕ್ಕಾಣಿ ಹಿಡಿದ’ ಸುದ್ದಿ ಬರುತ್ತದೆ. ಸಮುದ್ರವಿಲ್ಲದ ಸೀಮೆಗೆ ಈ ಪದ ಬಂದದ್ದು ಸಮುದ್ರದಿಂದಲೇ. ಅರಬ್ಬಿಯ ‘ಸುಕ್ಕಾನ್’ ಎಂದರೆ ಹಡಗಿನ ದಿಕ್ಕು ತಿರುಗಿಸುವ ಹಲಗೆ. ಪಾರಸಿಯ ‘ಸುಕ್ಕಾನಿ’ ಅದನ್ನು ಹಿಡಿದವನು. ತಮಿಳಿನ ಸುಕ್ಕಾನ್, ಮಲಯಾಳದ ಚುಕ್ಕಾನ್, ಮರಾಠಿಯ ಸುಕಾಣೂ ಇದೇ ಬಳಗದವು.

ಈ ಸೀಮೆಯಲ್ಲೂ ದೋಣಿ ಇಲ್ಲದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರ ತುಂಗಭದ್ರೆಯ ದಂಡೆಯಲ್ಲಿದೆ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ನಂಟಿನ ಊರು. ಆದರೆ ಹೊಳೆಯ ಹರಿಗೋಲಿಗೆ ಚುಕ್ಕಾಣಿಯೇ ಇಲ್ಲ. ದುಂಡನೆಯ ಬುಟ್ಟಿಗೆ ಹಿಂದೇನು, ಮುಂದೇನು? ಹುಟ್ಟೊಂದಿದ್ದರೆ ಆಯಿತು.

ಕರಾವಳಿಯ ಫೈಬರ್ ದೋಣಿಗೆ ಹಿಂಬದಿಯೇ ಜೀವ. ಎಂಜಿನ್ ತೂಗುಹಾಕುವುದು ಅಲ್ಲಿನ ಹಲಗೆಗೆ. ಚುಕ್ಕಾಣಿಯ ಬದಲು ಎಂಜಿನ್ನನ್ನೇ ತಿರುಗಿಸಿ ದಿಕ್ಕು ಬದಲಿಸುತ್ತಾರೆ. ಹಳೆಯ ದೋಣಿಯಲ್ಲಿ ಬೋಲ್ಟಿನ ತೂತಿನಿಂದ ನೀರಿಳಿದು ಆ ಹಲಗೆಯ ಫೈಬರ್ ಪದರಗಳ ನಡುವಿನ ಮರ ಕೊಳೆತರೆ, ಹಿಡಿದ ಕೈ ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ. ಹೊರಗೆ ಬಣ್ಣ ಬಳಿದು ಮುಚ್ಚುವುದು ರಿಪೇರಿಯಲ್ಲ. ಒಳಪದರ ಕತ್ತರಿಸಿ, ಕೊಳೆತದ್ದನ್ನು ಕೆರೆದು, ಪೂರ್ತಿ ಒಣಗಿಸಿ, ಮರೈನ್ ಪ್ಲೈವುಡ್ಡನ್ನು ರೆಸಿನ್‌ನಲ್ಲಿ ಕೂರಿಸಿ, ಮೇಲೆ ಫೈಬರ್ ಹಾಸನ್ನು ಪದರ ಪದರವಾಗಿ ಮೆತ್ತಬೇಕು. ಹೊಸ ತೂತುಗಳ ಒಳಗೋಡೆಗೂ ರೆಸಿನ್ ಬಳಿಯದಿದ್ದರೆ ನೀರು ಹಳೆಯ ದಾರಿಯನ್ನೇ ಹಿಡಿಯುತ್ತದೆ.