ಏಳುಕೋಟಿ ಎಂಬ ಜಯಕಾರ

ನಮ್ಮದು ಜತ್ತ ತಾಲೂಕಿನ ಒಕ್ಕಲುತನದ ಮನಿ. ನಲವತ್ತು ವರ್ಷದಿಂದ ಡೊಳ್ಳಿನ ಹಾಡು ಹಾಡುತ್ತ ಬಂದಿದ್ದೇನೆ. ಹಾಡಿನ ಮೊದಲು ಭಂಡಾರ ಹಾರಿಸಿ "ಏಳುಕೋಟಿ ಏಳುಕೋಟಿ ಏಳುಕೋಟಿಗೋ, ಚಾಂಗಭಲೋ" ಅಂತ ಕೂಗುವುದು ನಮ್ಮ ಪದ್ಧತಿ. ಆ ಕೂಗು ಎದ್ದರೆ ದಣಿದ ಮೈಯೂ ಹಗುರಾಗತದ. ಅದರ ಅರ್ಥ ಏನಂತ ಮಾತ್ರ ಎಂದೂ ವಿಚಾರ ಮಾಡಿರಲಿಲ್ಲ.

ಹೋದ ವರ್ಷ ಚಂಪಾಷಷ್ಠಿ ದಿನ ಮನ್ಯಾಗ ತಳಿ ಎತ್ತುತ್ತಿದ್ದೆವು. ತಾಟಿನಲ್ಲಿ ಭಂಡಾರ, ಎಲಿ, ಅಡಿಕಿ, ಕೊಬ್ಬರಿ ಇಟ್ಟು, ಎಲ್ಲರೂ ಕೈ ಹಚ್ಚಿ ಮೂರು ಸಲ ಎತ್ತಬೇಕು. ಮರಾಠಿ ಶಾಲೆಗೆ ಹೋಗುವ ಮೊಮ್ಮಗ, "ಅಜ್ಜಾ, ಇದು ಮರಾಠಿ ಶಬ್ದ. ‘ಯಳಕೋಟ’ ಅನ್ನಬೇಕು, ನೀ ತಪ್ಪು ಅಂತೀ" ಅಂದ. ನನಗ ಉತ್ತರ ಬರಲಿಲ್ಲ. ಇಷ್ಟು ವರ್ಷ ಹಾಡಿದವನಿಗೆ ಇದು ಸಣ್ಣ ನಾಚಿಕೆ ಅಲ್ಲ.

ಆಮೇಲೆ ತಿಳಿದವರನ್ನು ಕೇಳಿದೆ, ಓದಿದೆ. ಪುಣೆ ಜಿಲ್ಲೆಯ ಜೇಜುರಿಯ ಖಂಡೋಬಾ, ಹೂವಿನಹಡಗಲಿ ಕಡೆಯ ಮೈಲಾರಲಿಂಗ, ಇಬ್ಬರೂ ಒಬ್ಬನೇ ದೇವರು. ಮಣಿ, ಮಲ್ಲ ಎಂಬ ರಾಕ್ಷಸರು ಋಷಿಗಳನ್ನು ಕಾಡಿದಾಗ ಶಿವ ಮಾರ್ತಾಂಡ ಭೈರವನಾಗಿ ಏಳು ಕೋಟಿ ದಂಡು ಕಟ್ಟಿಕೊಂಡು ಹೋದ ಅಂತ ಕಥೆ. ಮಲ್ಲನ ಅರಿ ಆದದ್ದಕ್ಕೆ ಮಲ್ಹಾರಿ. ಆ ದಂಡಿನ ಎಣಿಕೆಯೇ ದೇವರ ಜಯಕಾರ ಆತು. ಗೆದ್ದ ಸಂತೋಷಕ್ಕೆ ಮಂದಿ ದೇವರ ಹೆಸರನ್ನಲ್ಲ, ಅವನ ಜೋಡಿ ಬಂದವರ ಲೆಕ್ಕ ಕೂಗಿದರು! ನನಗ ಇದು ಭಾಳ ಹಿಡಿಸಿತು.

ಮೊಮ್ಮಗನನ್ನು ಕೂಡಿಸಿಕೊಂಡು ಕೇಳಿದೆ: "ಮರಾಠಿಯೊಳಗ ಏಳಕ್ಕ ಏನಂತೀರಿ?" "ಸಾತ." "ಹಂಗಾದ್ರ ಜೇಜುರಿಯಾಗ ‘ಸಾತ ಕೋಟಿ’ ಅಂತ ಯಾಕ ಕೂಗೂದಿಲ್ಲ?" ಹುಡುಗ ಸುಮ್ಮನಾದ. ಏಳು ಅನ್ನುವುದು ಕನ್ನಡದ ಎಣಿಕೆ. ಏಳುಕೋಟಿ ಬಾಯಿಂದ ಬಾಯಿಗೆ ಉರುಳಿ ಯಳಕೋಟ ಆಗಿದೆ. ಖಂಡೋಬಾನ ಬೇರು ಕನ್ನಡ ನಾಡಿನೊಳಗ ಅದ ಅಂತ ಮರಾಠಿಯ ದೊಡ್ಡ ವಿದ್ವಾಂಸ ರಾ. ಚಿಂ. ಢೇರೆ ಅವರೇ ಬರೆದಿದ್ದಾರೆ. ಅಲ್ಲಿಯ ಲಕ್ಷಾವಧಿ ಮಂದಿ ಮೈಮರೆತು ಕೂಗುವುದು ನಮ್ಮ ಮಗ್ಗಿಯೊಳಗಿನ ಅಂಕಿ.

ಹುಡುಗ ಅಷ್ಟಕ್ಕ ಬಿಡಲಿಲ್ಲ. "ಮತ್ತ ಚಾಂಗಭಲೋ?" ಅಂದ. ಅದನ್ನೂ ಹೇಳಲೇಬೇಕಲ್ಲ! ಚಾಂಗಲಾ ಅಂದರೆ ಮರಾಠಿಯಲ್ಲಿ ಒಳ್ಳೆಯದು, ಭಲಾ ಅಂದರೂ ಒಳ್ಳೆಯದು. ಕೊಲ್ಹಾಪುರದ ಜೋತಿಬಾನ ಗುಡ್ಡದಾಗ ಇವತ್ತೂ ‘ಚಾಂಗಭಲಂ’ ಅಂತಾರ. ನಮ್ಮ ಹಳೆಯ ಶರಣ ಸಾಹಿತ್ಯದೊಳಗೂ ‘ಚಾಂಗು ಭಲಾ’ ಅಂತ ಹೊಗಳುವ ಮಾತು ಬರತದ. ಅದು ಈ ನೆಲದಾಗ ನಿನ್ನೆ ಮೊನ್ನೆ ಬಂದದ್ದಲ್ಲ. ಆದರೂ ಆ ಮಾತನ್ನು ಪೂರಾ ನಮ್ಮದೇ ಅಂತ ಹಟ ಹಿಡಿಯಲು ನನಗ ಮನಸ್ಸಾಗಲಿಲ್ಲ.

"ಅಂದ್ರ ಅರ್ಧಾ ನಮ್ಮದು, ಅರ್ಧಾ ಅವರದು" ಅಂದ ಹುಡುಗ. ಈ ವರ್ಷ ತಳಿ ಎತ್ತುವಾಗ ಏಳುಕೋಟಿ ಅವನೇ ಕೂಗಿದ, ನಮಗಿಂತ ಜೋರಾಗಿ.