ಮೊಟ್ಟೆ ಸಿಗದ ಕಾಲದ ಕೇಕ್

ಮೊಟ್ಟೆ, ಹಾಲು, ಬೆಣ್ಣೆ ಇಲ್ಲದ ಚಾಕೊಲೇಟ್ ಕೇಕ್ ಮಾಡಿ ಆಫೀಸಿಗೆ ಒಯ್ದರೆ ‘ಇದೇನು ಹೊಸ ಫ್ಯಾಷನ್?’ ಎನ್ನುವವರು ಇದ್ದೇ ಇರುತ್ತಾರೆ. ಫ್ಯಾಷನ್ ಅಲ್ಲ, ಇದು ಅಭಾವದ ಕೂಸು. ಮೊದಲ ಮಹಾಯುದ್ಧದ ಹೊತ್ತಿಗೇ ಅಮೆರಿಕದ ಮನೆಗಳಲ್ಲಿ ಒಣದ್ರಾಕ್ಷಿ ಕುದಿಸಿ ಹಾಕಿದ, ಈ ಮೂರೂ ಇಲ್ಲದ ‘ವಾರ್ ಕೇಕ್’ ಬೇಯುತ್ತಿತ್ತು. 1943ರಲ್ಲಿ ಅಲ್ಲಿ ಬೆಣ್ಣೆಗೂ ರೇಷನ್ ಬಂತು. ಕೋಕೋ ಹಾಕಿದ ‘ವ್ಯಾಕಿ ಕೇಕ್’, ಅಂದರೆ ತಿಕ್ಕಲು ಕೇಕ್, ಆ ದಿನಗಳದ್ದೇ ಎನ್ನುತ್ತಾರೆ. ಮೈದಾ, ಸಕ್ಕರೆ, ಎಣ್ಣೆ, ನೀರು. ಅಡಿಗೆ ಸೋಡಾದ ಜೊತೆಗೆ ಒಂದು ಚಮಚ ವಿನಿಗರ್. ಅವೆರಡೂ ಸೇರಿದಾಗ ಏಳುವ ಗುಳ್ಳೆಗಳೇ ಕೇಕನ್ನು ಉಬ್ಬಿಸುತ್ತವೆ. ‘ವೀಗನ್’ ಎಂಬ ಪದವನ್ನು ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಬಳಕೆಗೆ ತಂದದ್ದು 1944ರಲ್ಲಿ. ಅವರ ಹೆಸರು ಉಳಿಯಿತು, ಗೃಹಿಣಿಯರದು ಉಳಿಯಲಿಲ್ಲ. ಅಂದಹಾಗೆ, ವಿನಿಗರ್ ಇಲ್ಲದಿದ್ದರೆ ನಿಂಬೆರಸ ಸಾಕು. ಕಲಸಿದ ಕೂಡಲೇ ಓವನ್ನಿಗೆ ಇಡಿ, ಗುಳ್ಳೆಗಳು ಕಾಯುವುದಿಲ್ಲ.