ಕಿವಿಯೊಳಗಿನ ಹರಳು

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆಯೆಲ್ಲ ಗಿರ್ರನೆ ತಿರುಗುತ್ತದೆ. ಒಂದು ನಿಮಿಷ ಕಳೆಯುವುದರೊಳಗೆ ಎಲ್ಲವೂ ಮೊದಲಿನಂತಾಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಪಿತ್ತವೆಂದು ಹೆಸರಿಟ್ಟು, ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವುದು ವಾಡಿಕೆ. ದೋಷವಿರುವುದು ಪಿತ್ತದಲ್ಲಲ್ಲ, ಕಿವಿಯಲ್ಲಿ. ಇದನ್ನು ಅರಿಯಲು ವೈದ್ಯಲೋಕಕ್ಕೂ ಬಹುಕಾಲ ಹಿಡಿಯಿತು.

ತಲೆಸುತ್ತು ಮಿದುಳಿನ ಬೇನೆಯೆಂದೇ ನಂಬಿದ್ದ ಕಾಲದಲ್ಲಿ, 1861ರಲ್ಲಿ, ಪ್ಯಾರಿಸ್ಸಿನ ಮೆನಿಯೇರ್ ಎಂಬ ವೈದ್ಯರು ಅದರ ಮೂಲ ಒಳಗಿವಿಯಲ್ಲೂ ಇರಬಹುದೆಂದು ತೋರಿಸಿದರು. ತಲೆಯ ಭಂಗಿಯಿಂದ ಹುಟ್ಟುವ ಈ ಬಗೆಯ ಸುತ್ತನ್ನು 1921ರಲ್ಲಿ ವರ್ಣಿಸಿದವರು ರಾಬರ್ಟ್ ಬಾರಾನಿ. ಒಳಗಿವಿಯ ಸಂಶೋಧನೆಗಾಗಿ ಅವರಿಗೆ 1914ರ ನೊಬೆಲ್ ಬಹುಮಾನ ಸಂದಾಗ ಆ ಮಹನೀಯರು ರಷ್ಯದಲ್ಲಿ ಯುದ್ಧಕೈದಿ! 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್, ರೋಗಿಯ ತಲೆಯನ್ನು ಓರೆಮಾಡಿ ಥಟ್ಟನೆ ಮಲಗಿಸಿ, ಕಣ್ಣಿನ ಅದುರಾಟದಿಂದ ರೋಗವನ್ನು ಗುರುತಿಸುವ ಪರೀಕ್ಷೆಯನ್ನು ವಿವರಿಸಿದರು.

ಸಮತೋಲ ಕಾಯುವ ಅಂಗದಲ್ಲಿ ಸುಣ್ಣದ ಅತಿಸೂಕ್ಷ್ಮ ಹರಳುಗಳಿವೆ. ಅವು ಕಳಚಿ ಅರ್ಧವರ್ತುಲದ ನಾಳದೊಳಗೆ ಬಿದ್ದರೆ, ತಲೆ ಹೊರಳಿದಾಗ ಉರುಳಿ ಅಲ್ಲಿನ ದ್ರವವನ್ನು ಕಲಕುತ್ತವೆ; ಸುಮ್ಮನೆ ಮಲಗಿದವನಿಗೂ ಜಗತ್ತು ತಿರುಗಿದಂತೆ ಭಾಸವಾಗುತ್ತದೆ. ಕಡುಕಷ್ಟದ ರೋಗಿಗಳಿಗೆ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ನಡೆಯುತ್ತಿದ್ದ ದಿನಗಳಲ್ಲಿ, ಅಮೆರಿಕದ ಪೋರ್ಟ್‌ಲೆಂಡಿನ ಜಾನ್ ಎಪ್ಲಿ ಸರಳವಾಗಿ ಯೋಚಿಸಿದರು: ಉರುಳಿ ಬಂದದ್ದನ್ನು ಉರುಳಿಸಿಯೇ ಏಕೆ ಹೊರಗೆ ಕಳಿಸಬಾರದು? ರೋಗಿಯ ತಲೆಯನ್ನು ಕ್ರಮವಾಗಿ ನಾಲ್ಕಾರು ಭಂಗಿಗಳಲ್ಲಿ ತಿರುಗಿಸಿ, ಹರಳನ್ನು ಸ್ವಸ್ಥಾನದ ಕಡೆಗೆ ಸಾಗಿಸಿದರು. 1980ರಲ್ಲಿ ಇದನ್ನು ಮುಂದಿಟ್ಟಾಗ ದೊರೆತದ್ದು ಸಹವೈದ್ಯರ ಅಪಹಾಸ್ಯ. ಅವರ ಪ್ರಸಿದ್ಧ ಲೇಖನ ಅಚ್ಚಾದದ್ದು 1992ರಲ್ಲಿ.

ಆಮೇಲೆ ಬಂತು ಪಥ್ಯ. ಎರಡು ದಿನ ತಲೆ ಬಗ್ಗಿಸಬಾರದು, ಒರಗಿ ಕುಳಿತೇ ನಿದ್ರಿಸಬೇಕು, ಕೊರಳಿಗೆ ಪಟ್ಟಿ ಕಟ್ಟಬೇಕು ಎಂದು ವಿಧಿಸಿದರು. ಹರಳು ಮತ್ತೆ ಜಾರೀತೆಂಬ ಭಯ ಸಹಜವೇ. ಆದರೆ ಪಥ್ಯ ಮಾಡಿದವರನ್ನೂ ಮಾಡದವರನ್ನೂ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ನಿರ್ಬಂಧಗಳು ಬೇಡವೆಂದೇ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ ಹೇಳಿತು. ಕೆಲವು ದಿನ ನಡಿಗೆ ತುಸು ತೂಗಾಡಬಹುದು. ಬೀಳದಂತೆ ಎಚ್ಚರವಿದ್ದರೆ ಸಾಕು. ಬೇನೆ ಮರುಕಳಿಸಿದರೆ ಚಿಕಿತ್ಸೆಯನ್ನೂ ಮರಳಿ ಮಾಡಬಹುದು. ಆದರೆ ಸುತ್ತಿನ ಜೊತೆಗೆ ಮಾತು ತೊದಲಿದರೆ, ನೋಟ ಎರಡಾದರೆ, ಕೈಕಾಲು ಸೋತರೆ ಅದು ಹರಳಿನ ಆಟವಲ್ಲ. ತಡಮಾಡದೆ ಆಸ್ಪತ್ರೆ ಸೇರಬೇಕು.

ಚಿಕಿತ್ಸೆಯನ್ನು ನಂಬಲು ಹನ್ನೆರಡು ವರ್ಷ ಹಿಂದೆಮುಂದೆ ನೋಡಿದ ಲೋಕ, ಪಥ್ಯವನ್ನು ಮಾತ್ರ ಪರೀಕ್ಷೆಗೆ ಮೊದಲೇ ಒಪ್ಪಿಕೊಂಡಿತು. ಔಷಧಕ್ಕಿಂತ ಪಥ್ಯವನ್ನೇ ಹೆಚ್ಚು ನಂಬುವ ಗುಣ ನಮ್ಮ ಅಜ್ಜಿಯರದು ಮಾತ್ರವಲ್ಲವೆಂದಾಯಿತು.